ನೀರಮ್ಮನ ಮೊಣಕೈ

ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ನೀರಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಹಸುಗೂಸುಗಳಿಗೆ ಸ್ನಾನ ಮಾಡಿಸುತ್ತ ಬಂದ ಆಯಾ ಅವಳು. ನೀರು ಹದವಾಗಿದೆಯೋ ಇಲ್ಲವೋ ಎಂದು ನೋಡಲು ಅವಳಿಗೆ ಬೇಕಾಗಿದ್ದದ್ದು ತನ್ನ ಎಡ ಮೊಣಕೈ ಒಂದೇ. ಮುಖವನ್ನು ಗೋಡೆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಮೊಣಕೈಯನ್ನು ಟಬ್ಬಿಗೆ ಅದ್ದುತ್ತಿದ್ದಳು. ಹಬೆ ನೋಡಿದರೆ ಕಣ್ಣು ಸುಳ್ಳು ಹೇಳುತ್ತದೆ, ನೀರನ್ನು ನೋಡಬಾರದು, ಮುಟ್ಟಬೇಕು ಎಂದು ಅವಳಿಗೆ ಕೆಲಸ ಕಲಿಸಿದ ಮುದುಕಿ ಹೇಳಿಕೊಟ್ಟಿದ್ದಳು. ಸ್ನಾನದ ಕೋಣೆಯಲ್ಲಿ ಮೊಳೆಗೆ ಒಂದು ಥರ್ಮಾಮೀಟರನ್ನೂ ನೇತುಹಾಕಿದ್ದರು. ಅದರ ಮೇಲೆ ಕೂತ ಧೂಳನ್ನು ಯಾರೂ ಒರೆಸುವ ಗೋಜಿಗೆ ಹೋಗಿರಲಿಲ್ಲ.

ಇಂಥವಳ ಮನೆಗೇ ಅವಳ ಮಗ ಆ ದರಿದ್ರ ಷವರನ್ನು ತಂದು ಕೂರಿಸಿದ.

ಮಗ ನಲ್ಲಿ, ಷವರು, ಗೀಸರು ಮಾಡುವ ಕಂಪನಿಯಲ್ಲಿದ್ದ. ಹೊಸ ಸಾಮಾನು ಮಾರುಕಟ್ಟೆಗೆ ಹೋಗುವ ಮೊದಲು ಅದನ್ನು ಜನರಿಗೆ ಕೊಟ್ಟು ಪರೀಕ್ಷೆ ಮಾಡುವ ವಿಭಾಗದಲ್ಲಿ ಕೆಲಸ. ಒಂದು ಭಾನುವಾರ ಬಚ್ಚಲುಮನೆಯ ಹಳೆ ಷವರನ್ನು ಕಿತ್ತು, ಊಟದ ತಟ್ಟೆಯಷ್ಟು ಅಗಲದ ಹೊಸದೊಂದನ್ನು ಹಾಕಿದ. ನೀರು ಬಿಟ್ಟರೆ ಅದರ ಸುತ್ತ ಕೆಂಪು ದೀಪ ಹತ್ತುತ್ತಿತ್ತು. ನೀರು ಧಾರೆಯಾಗಿ ಬೀಳದೆ ಸಣ್ಣ ಸಣ್ಣ ಗುಳ್ಳೆಯಾಗಿ ಬೀಳುತ್ತಿತ್ತು. ಪಕ್ಕದಲ್ಲೊಂದು ಡಬ್ಬಿ, ಅದರಿಂದ ಶುಂಠಿಯಂಥ ಘಾಟು. ಗೋಡೆಯ ಮೇಲೆ ಅಂಗೈಯಗಲದ ಫಲಕ, ಅದರಲ್ಲಿ ನಲವತ್ತು ಡಿಗ್ರಿ ಎಂದು ದಪ್ಪ ಅಂಕಿ.

ಮೊದಲು ಒಳಗೆ ಹೋದವರು ಅವಳ ಗಂಡ. ಬೀದಿಯ ತಿರುವಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಅವರು ಇಡೀ ದಿನ ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಾಳು ಮಾಡಿಕೊಂಡಿದ್ದರು. ಹೊರಗೆ ಬಂದಾಗ ಮುಖದಲ್ಲಿ ಕಳೆ ಬಂದಿತ್ತು.

"ಆಹಾ! ಏನ್ ಬಿಸಿ, ಏನ್ ಬಿಸಿ! ಬೆನ್ನು ನೋವೆಲ್ಲ ಇಳಿದೇ ಹೋಯ್ತು ಕಣೇ."

ಆಮೇಲೆ ಸೊಸೆ ಹೋದಳು. ಅವಳಿಗೆ ಆಗ ಏಳು ತಿಂಗಳು. ಅವಳೂ "ಚೆನ್ನಾಗಿದೆ ಅತ್ತೆ, ಹಿತವಾಗಿದೆ" ಎಂದಳು. ಕೊನೆಗೆ ನೀರಮ್ಮ ಹೋಗಿ, ಅಭ್ಯಾಸದಂತೆ ಕಣ್ಣು ಮುಚ್ಚಿ ಮೊಣಕೈ ಒಡ್ಡಿದಳು. ಒಡ್ಡಿದವಳೇ ಹಿಂದಕ್ಕೆ ಎಳೆದುಕೊಂಡಳು. ಗಡಿಬಿಡಿಯಲ್ಲಿ ಮೈ ತೋಯಿಸಿಕೊಂಡು, ಹಲ್ಲು ಕಡಿಯುತ್ತ ಹೊರಗೆ ಬಂದಳು.

"ತಣ್ಣೀರು ಕಣೋ ಅದು!"

"ಫಲಕ ನೋಡಿದ್ಯಾಮ್ಮ? ನಲವತ್ತು ಅಂತಿದೆ."

"ನೂರು ಅಂತಿರ್ಲಿ, ನೀರು ತಣ್ಣಗಿದೆ."

ಮಗ ನಕ್ಕು ಫೋನಿನಲ್ಲಿ ಏನನ್ನೋ ಗುರುತು ಹಾಕಿಕೊಂಡ. ಯಾಕೋ ಬರ್ಕೋತೀಯ ಎಂದು ಕೇಳಿದ್ದಕ್ಕೆ, ಆಫೀಸಿನದು ಎಂದ. ಇವನ ಮುಖಕ್ಕಿಷ್ಟು! ಅವತ್ತು ಆ ಫೋನು ಕಿತ್ತುಕೊಂಡು ನೋಡಿದ್ದರೆ ಆಗುತ್ತಿತ್ತು. ಹೆತ್ತ ತಾಯಿ, ಮಗನ ಫೋನಿಗೆ ಕೈ ಹಾಕುವ ಯೋಚನೆ ಅವಳಿಗೆ ಎಲ್ಲಿಂದ ಬರಬೇಕು?

ಮರುದಿನವೂ ತಣ್ಣಗೆ. ಅದರ ಮರುದಿನವೂ ತಣ್ಣಗೆ. ಮನೆಯಲ್ಲಿ ಅದೊಂದು ತಮಾಷೆಯಾಯಿತು. ಊಟಕ್ಕೆ ಕೂತಾಗ ಅವಳು ಅನ್ನ ಬಡಿಸಿದರೆ ಗಂಡ ತಟ್ಟೆ ಮುಟ್ಟಿ, "ಅಯ್ಯೋ ಅಯ್ಯೋ, ಐಸು!" ಎನ್ನುವರು. "ಇವಳನ್ನ ಕುದಿಯೋ ಹಂಡೆಯಲ್ಲಿ ಕೂರಿಸಿದ್ರೂ ಕಂಬಳಿ ಕೊಡಿ ಅಂತಾಳೆ" ಎಂದು ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಗುವರು. ಮಗನೂ ನಗುವನು. ಸೊಸೆ ಮಾತ್ರ ಹೊಟ್ಟೆ ಕೆರೆದುಕೊಳ್ಳುತ್ತ ಕೂತಿರುವಳು. ಇತ್ತೀಚೆಗೆ ಅವಳಿಗೆ ಮೈಯೆಲ್ಲ ಕೆರೆತ. ಬಸುರಿನಲ್ಲಿ ಹೀಗೆಲ್ಲ ಆಗುತ್ತದೆ ಎಂದು ಮಗನೇ ಅವಳಿಗೊಂದು ಮುಲಾಮು ತಂದುಕೊಟ್ಟಿದ್ದ.

ಎರಡು ವಾರ ಕಳೆಯುವ ಹೊತ್ತಿಗೆ ತಮಾಷೆ ಕಳೆದು ಅನುಮಾನ ಹುಟ್ಟಿತು. ಅದು ಮೊದಲು ಬಾಯಿಗೆ ಬಂದದ್ದು ಸೊಸೆಗೆ. ಇಬ್ಬರೂ ಕೂತು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದರು.

"ಅತ್ತೆ, ತಪ್ಪು ತಿಳ್ಕೋಬೇಡಿ. ಮಗು ಬಂದ್ಮೇಲೆ ಸ್ನಾನ ನೀವೇ ಮಾಡಿಸಿ. ನೀರು ಮಾತ್ರ... ನಾನು ನೋಡ್ತೀನಿ."

ನೀರಮ್ಮನ ಕೈಯಲ್ಲಿದ್ದ ಚಾಕು ನಿಂತಿತು. "ಯಾಕಮ್ಮ?"

"ನಿಮಗೆ ಬಿಸಿ ಗೊತ್ತಾಗ್ತಿಲ್ವಲ್ಲ ಅತ್ತೆ. ನಮಗೆಲ್ಲ ಬಿಸಿ ಇದ್ದದ್ದು ನಿಮಗೆ ತಣ್ಣಗೆ. ನೀವು ಹದ ಮಾಡಿದ ನೀರು ಮಗುಗೆ ಸುಟ್ಟುಬಿಟ್ರೆ?"

ಬೇರೆ ಯಾರು ಹೇಳಿದ್ದರೂ ಅವಳು ಜಾಡಿಸಿಬಿಡುತ್ತಿದ್ದಳು. ಸೊಸೆಯ ಮುಖದಲ್ಲಿದ್ದದ್ದು ಕೊಂಕಲ್ಲ, ಹೆದರಿಕೆ. ನೀರಮ್ಮ ಚಾಕು ಕೆಳಗಿಟ್ಟಳು. ಮೊಮ್ಮಗು ಬರುತ್ತದೆ ಎಂದು ಗೊತ್ತಾದ ದಿನದಿಂದ ಅವಳು ಕಾಯುತ್ತಿದ್ದದ್ದು ಆ ಮೊದಲ ಸ್ನಾನಕ್ಕೆ. ಊರವರ ಸಾವಿರಾರು ಕೂಸುಗಳಿಗೆ ನೀರು ಹದ ಮಾಡಿದ ಕೈ ತನ್ನ ಮನೆಯ ಕೂಸಿಗೆ ಮಾಡುವುದು ಬೇಡ ಎಂದರೆ ಈ ಕೈ ಇದ್ದು ಏನು ಪ್ರಯೋಜನ?

ಅವತ್ತು ಸಂಜೆ ಮಗ ಅಡುಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

"ಲೋ, ನನ್ನ ಮುಖ ನೋಡಿ ಹೇಳು. ಆ ನೀರು ನಿಜವಾಗ್ಲೂ ನಲವತ್ತಿದ್ಯಾ? ಮಕ್ಕಳ ಸ್ನಾನದ ಕೆಲಸ ಕಣೋ ನನ್ನದು. ನನ್ನ ಕೈ ಕೆಟ್ಟಿದ್ರೆ ನನಗೆ ಗೊತ್ತಾಗ್ಬೇಕು."

ಮಗ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ. ಆಮೇಲೆ ನೀರು ಕುಡಿದ.

"ವಯಸ್ಸಾಯ್ತಲ್ಲಮ್ಮ. ಎಲ್ಲರಿಗೂ ಆಗೋದೇ. ನಿನ್ನ ಕೈ ಒಂದೈದಾರು ಡಿಗ್ರಿ ಕಮ್ಮಿ ತೋರಿಸ್ತಿದೆ, ಅಷ್ಟೇ. ಅದಕ್ಕ್ಯಾಕೆ ಇಷ್ಟೊಂದು ತಲೆ ಕೆಡಿಸ್ಕೋತೀಯ?"

ಅಷ್ಟೇ ಅಂತೆ! ಅವಳು ಆ ಮಾತನ್ನು ವೈದ್ಯರ ಚೀಟಿಯ ಹಾಗೆ ಜೋಪಾನ ಮಾಡಿಕೊಂಡು ಮರುದಿನ ಕೆಲಸಕ್ಕೆ ಹೋದಳು.

ಮೊಣಕೈ ಅದ್ದಿದಾಗ ಹದ ಅನ್ನಿಸಿತು. ಹಾಗಾದರೆ ನಿಜವಾಗಿ ಐದಾರು ಡಿಗ್ರಿ ಜಾಸ್ತಿ ಇರಬೇಕು ಎಂದುಕೊಂಡು ಒಂದು ಚೆಂಬು ತಣ್ಣೀರು ಬೆರೆಸಿದಳು. ಸಾಲದೇನೋ ಎಂದು ಇನ್ನೊಂದು. ಮೊಣಕೈ ಬೇಡ ಬೇಡ ಎನ್ನುತ್ತಿತ್ತು. ನೀನು ಸುಮ್ಮನಿರು, ನಿನಗೇನು ಗೊತ್ತು ಎಂದು ಅವಳು ಅದನ್ನೇ ಗದರಿಕೊಂಡಳು. ಕೂಸುಗಳು ಯಾವತ್ತಿಗಿಂತ ಹೆಚ್ಚಾಗಿ ಚೀರಿದವು. ಚೀರಿದರೆ ಶ್ವಾಸಕೋಶಕ್ಕೆ ಒಳ್ಳೆಯದು ಎಂದು ಬಾಣಂತಿಯರಿಗೆ ಸಮಾಧಾನ ಹೇಳಿದಳು. ಹೀಗೆ ಐದು ದಿನ ನಡೆಯಿತು.

ಆರನೆಯ ದಿನದ ಕೂಸು ತೂಕ ಕಮ್ಮಿಯದು. ಟಬ್ಬಿನಿಂದ ಎತ್ತುವಾಗ ಅದು ಅಳಲಿಲ್ಲ. ಕಾಲು ತಣ್ಣಗೆ, ಉಗುರು ನೀಲಿ, ತುಟಿಯ ಸುತ್ತಲೂ ನೀಲಿ. ನೀರಮ್ಮ ಕೂಗಿದ ಕೂಗಿಗೆ ದೊಡ್ಡ ಸಿಸ್ಟರ್ ಓಡಿ ಬಂದು ಕೂಸನ್ನು ಕಿತ್ತುಕೊಂಡು ಹೋಗಿ ಬಿಸಿ ದೀಪದ ಕೆಳಗೆ ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಬಣ್ಣ ಬಂತು, ಸಂಜೆಗೆ ಹಾಲು ಕುಡಿಯಿತು. ಅಷ್ಟರೊಳಗೆ ಸಿಸ್ಟರ್ ಮೊಳೆಯಿಂದ ಥರ್ಮಾಮೀಟರು ತೆಗೆದು, ಧೂಳು ಒರೆಸಿ, ಟಬ್ಬಿಗೆ ಇಳಿಸಿ ನೋಡಿದ್ದರು.

"ಮೂವತ್ತೊಂದು! ನೀರಮ್ಮ, ಮೂವತ್ತೊಂದು ಡಿಗ್ರಿ ನೀರಲ್ಲಿ ಹಸುಗೂಸಿಗೆ ಸ್ನಾನ ಮಾಡಿಸ್ತೀರಾ? ನೀವು?"

ಕೂಸಿನ ತಾಯಿ ಮಂಚದ ಮೇಲೆ ಕೂತು ಅವಳನ್ನು ನೋಡುತ್ತಿದ್ದ ನೋಟವೊಂದೇ ಸಾಕಾಗಿತ್ತು, ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಲು. ಮರುದಿನದಿಂದ ಅವಳಿಗೆ ಬಟ್ಟೆ ಒಗೆಯುವ ಕಡೆ ಕೆಲಸ. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಗಂಡ ಬೆನ್ನು ಸವರಿದರು. ಸೊಸೆ ಕಾಫಿ ಮಾಡಿಕೊಟ್ಟಳು. ಮಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. "ಛೆ, ಪಾಪ" ಎಂದು ತನ್ನ ಕೋಣೆಗೆ ಹೋದ.

ಬಟ್ಟೆ ಒಗೆಯುವ ಕೋಣೆಯಲ್ಲಿ ರಕ್ತದ ಕಲೆಯ ಹೊದಿಕೆಗಳು, ಹೇಲು ಉಚ್ಚೆಯ ಬಟ್ಟೆಗಳು ರಾಶಿ ಬಿದ್ದಿರುತ್ತಿದ್ದವು. ಅದೇನೂ ಅವಳಿಗೆ ಹೇಸಿಗೆಯ ಕೆಲಸವಾಗಿರಲಿಲ್ಲ. ಹೇಸಿಗೆಯಾಗಿದ್ದದ್ದು ಅವಳಿಗೆ ತನ್ನ ಮೇಲೆಯೇ. ಆದರೆ ಒಂದು ವಿಷಯ ಮಾತ್ರ ಅವಳಿಗೆ ಬಗೆಹರಿಯಲೊಲ್ಲದು. ತಾನು ಸರಿಪಡಿಸಿದ ಮೇಲೆ ನೀರು ಸರಿಯಾಗಬೇಕಿತ್ತು. ಕೈ ಕಮ್ಮಿ ತೋರಿಸುತ್ತದೆ ಎಂದು ತಾನೇ ತಣ್ಣೀರು ಬೆರೆಸಿದ್ದು? ಹಾಗಿದ್ದರೆ ಮೂವತ್ತೊಂದು ಎಲ್ಲಿಂದ ಬಂತು?

ಒಂಬತ್ತನೆಯ ದಿನ ಊಟದ ಬಿಡುವಿನಲ್ಲಿ ಸಿಸ್ಟರನ್ನು ಕೇಳಿ ಆ ಥರ್ಮಾಮೀಟರನ್ನು ಇಸಿದುಕೊಂಡು ಬಂದಳು. ಮೂರು ಬಕೆಟ್ಟಿನಲ್ಲಿ ಮೂರು ಥರದ ನೀರು ಹಿಡಿದಳು. ಗೋಡೆ ಕಡೆ ತಿರುಗಿ, ಕಣ್ಣು ಮುಚ್ಚಿ, ಮೊಣಕೈ ಅದ್ದಿ, ಮೂವತ್ತೇಳು ಎಂದಳು. ಥರ್ಮಾಮೀಟರಿನ ಕಡ್ಡಿ ಇಳಿಸಿ ನೋಡಿದರೆ ಮೂವತ್ತೇಳು. ಎರಡನೆಯದು ನಲವತ್ತೆರಡು ಎಂದಳು, ನಲವತ್ತೆರಡಕ್ಕೆ ಒಂದು ಗೆರೆ ಕಮ್ಮಿ ಇತ್ತು. ಮೂರನೆಯದೂ ಸರಿಯಾಯಿತು. ಕೈ ಸರಿ ಇದ್ದರೆ ತಪ್ಪಿರುವುದು ಮನೆಯ ಆ ಫಲಕ. ಅವಳು ಕಡ್ಡಿಯನ್ನು ಒರೆಸಿ, ಮನೆಗೆ ಒಯ್ಯಲು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಭಾನುವಾರ. ಎಲ್ಲರೂ ಮನೆಯಲ್ಲಿದ್ದರು. ಬೆಳಿಗ್ಗೆ ಎದ್ದವಳೇ ಬಚ್ಚಲುಮನೆಗೆ ಹೋಗಿ ಷವರು ತಿರುಗಿಸಿ ಬಕೆಟ್ಟಿಗೆ ಹಿಡಿದಳು. ಫಲಕದಲ್ಲಿ ನಲವತ್ತು. ಕಡ್ಡಿಯಲ್ಲಿ ಮೂವತ್ತನಾಲ್ಕು.

"ಬಾರೋ ಇಲ್ಲಿ!"

ಮಗ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದ. ಅವಳು ಕಡ್ಡಿಯನ್ನು ಅವನ ಮೂಗಿನ ಮುಂದೆ ಹಿಡಿದಳು. ಅವನು ಗಾಬರಿಯಾಗಲಿಲ್ಲ. ಉಗಿದು, ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ದೊಡ್ಡ ಉಪಕಾರ ಮಾಡುವವನಂತೆ ವಿವರಿಸಿದ.

"ಹ್ಞೂಂ, ಮೂವತ್ತನಾಲ್ಕೇ. ಅದೇ ಅಮ್ಮ ಇದರ ವಿಶೇಷ! ನೀರು ಅಷ್ಟೊಂದು ಕಾಯಿಸೋದೇ ಬೇಡ, ಕಾದ ಹಾಗೆ ಅನ್ನಿಸಿದ್ರೆ ಸಾಕು. ಕೆಂಪು ದೀಪ, ಗುಳ್ಳೆ, ಆ ಡಬ್ಬಿಯ ಘಾಟು, ಎಲ್ಲ ಸೇರಿ ಮೈಗೆ ಬಿಸಿ ಅನ್ನಿಸುತ್ತೆ. ಕರೆಂಟು ಎಷ್ಟು ಉಳಿಯುತ್ತೆ ಗೊತ್ತಾ?"

"ಫಲಕದ ಅಂಕಿ?"

"ಅದೂ ಪರೀಕ್ಷೆಯ ಭಾಗ. ಅಂಕಿ ನೋಡಿದ್ರೆ ಮನಸ್ಸು ನಂಬುತ್ತೆ. ನೀನು ಕಣ್ಣು ಮುಚ್ಕೊಂಡು ಮುಟ್ತೀಯ, ಗಡಿಬಿಡಿಯಲ್ಲಿ ಸ್ನಾನ ಮುಗಿಸ್ತೀಯ. ಅದಕ್ಕೇ ನಿನ್ನೊಬ್ಬಳ ಮೇಲೆ ನಡೀಲಿಲ್ಲ."

"ನಾನು ಕೇಳಿದ್ನಲ್ಲೋ. ಮುಖ ನೋಡಿ ಹೇಳು ಅಂತ ಕೇಳಿದ್ನಲ್ಲೋ!"

"ಹೇಳಿದ್ರೆ ಪರೀಕ್ಷೆ ಕೆಡ್ತಿತ್ತಮ್ಮ. ಗೊತ್ತಿರೋರ ಅಭಿಪ್ರಾಯ ತಗೊಳ್ಳೋ ಹಾಗಿಲ್ಲ."

"ಆ ಕೂಸು ನೀಲಿಯಾಯ್ತು ಅಂತ ಬಂದು ಅಡುಗೆಮನೆಯಲ್ಲಿ ಕೂತು ಅತ್ನಲ್ಲೋ. ಅವತ್ತಾದ್ರೂ?"

ಮಗ ಟವೆಲಿನ ಅಂಚನ್ನು ನೋಡಿದ. "ಅವತ್ತಿಗೆ ಪರೀಕ್ಷೆ ಮುಗಿಯೋಕೆ ಇನ್ನು ನಾಲ್ಕೇ ದಿನ ಬಾಕಿ ಇತ್ತು."

ಥೂ! ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ತಾನೇ ನೀರು ಹೊಯ್ದು ಬೆಳೆಸಿದ್ದು ಇದೇನಾ ಎಂದು ಅವನ ಮುಖವನ್ನೇ ನೋಡಿದಳು. ಮೀಸೆಯ ಮೇಲೆ ಪೇಸ್ಟಿನ ನೊರೆ ಅಂಟಿಕೊಂಡಿತ್ತು.

ಸೊಸೆ ಅಷ್ಟು ಹೊತ್ತೂ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. "ರೀ, ಆ ಡಬ್ಬಿಯಲ್ಲಿ ಏನಿದೆ?"

"ಏನಿಲ್ಲ, ಮೆಣಸಿನ ಸತ್ವ. ತುಂಬ ಕಮ್ಮಿ."

"ಮೈಯೆಲ್ಲ ಕೆರೆತ ಅಂದಾಗ ಮುಲಾಮು ತಂದ್ಕೊಟ್ರಲ್ಲ... ಗೊತ್ತಿದ್ದೇ ತಂದ್ಕೊಟ್ರಾ?"

ಅವನು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ. ಮನೆಯಲ್ಲಿ ಶಾಂತಿ ಇರಲಿ ಎನ್ನುವ ಟೈಲರ್ ಯಜಮಾನರು ನಡುವೆ ಬಾಯಿ ಹಾಕಿದರು. "ಹೋಗ್ಲಿ ಬಿಡ್ರೇ, ಆಗಿದ್ದು ಆಗ್ಹೋಯ್ತು. ಆ ಕೂಸಿಗೇನೂ ಆಗ್ಲಿಲ್ವಲ್ಲ."

"ನೀವು ತಣ್ಣೀರಲ್ಲಿ ನಿಂತು ಆಹಾ ಅಂದವರು, ಸುಮ್ನಿರಿ!" ಎಂದಳು ನೀರಮ್ಮ. ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಅವರಿಗೂ ಒಳಗೊಳಗೇ ಅವಮಾನವಾಗಿತ್ತು. ಇಳಿದ ಬೆನ್ನು ನೋವು ಆ ಮಧ್ಯಾಹ್ನವೇ ಪೂರ್ತಿ ವಾಪಸು ಬಂತು.

ಸೊಸೆ ಯಾರನ್ನೂ ಕೇಳದೆ ಅಟ್ಟದ ಕೆಳಗಿದ್ದ ಪಾನಾ ತಂದಳು. ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಸ್ಟೂಲು ಹತ್ತಬೇಡ ಎಂದು ಮಾವ ಕೂಗಿದರೂ ಬಿಡಲಿಲ್ಲ. ಷವರು ಬಿಚ್ಚಿ, ಡಬ್ಬಿ ಬಿಚ್ಚಿ, ಗಂಡನ ಕಾಲ ಬಳಿ ಇಟ್ಟಳು. "ನಿಮ್ಮ ಆಫೀಸಿನದು, ತಗೊಂಡ್ಹೋಗಿ."

ನೀರಮ್ಮ ಮಗನಿಗೆ ಒಂದೇ ಮಾತು ಹೇಳಿದಳು. ಆಸ್ಪತ್ರೆಗೆ ಬಂದು ಸಿಸ್ಟರ್ ಮುಂದೆ, ಆ ಕೂಸಿನ ತಾಯಿಯ ಮುಂದೆ, ನಡೆದದ್ದನ್ನು ಹೇಳಬೇಕು. ತನಗೆ ಕೆಲಸ ವಾಪಸು ಕೊಡಿಸು ಎಂದಲ್ಲ, ಆ ತಾಯಿಗೆ ನಿಜ ಗೊತ್ತಾಗಲಿ ಎಂದು. ಮಗ ಹ್ಞೂಂ ಎಂದ. ಸೋಮವಾರ ಮೀಟಿಂಗು ಎಂದ. ಮಂಗಳವಾರ ತಲೆನೋವು. ಬುಧವಾರ ಬೇಗ ಬಂದು, ಕೈಯಲ್ಲಿ ಸಿಹಿಯ ಪೊಟ್ಟಣ ಹಿಡಿದು, ಮುಖ ಅರಳಿಸಿಕೊಂಡು ನಿಂತ.

"ಅಮ್ಮ, ನಮ್ಮ ಸಾಹೇಬ್ರಿಗೆ ನಿನ್ನ ವಿಷಯ ಹೇಳ್ದೆ. ನಲವತ್ತು ಜನರಲ್ಲಿ ಮೋಸ ಹೋಗದೆ ಇದ್ದವಳು ನೀನೊಬ್ಳೇ ಅಂತೆ! ಬಂಗಾರದಂಥ ಕೈ ಅಂದ್ರು. ಬಟ್ಟೆ ಒಗೆಯೋದು ಬಿಟ್ಟು ನಮ್ಮಲ್ಲಿಗೆ ಬಂದ್ಬಿಡು. ಮುಂದಿನದು ಮಕ್ಕಳ ಸ್ನಾನದ ಟಬ್ಬು. ನಿನ್ನ ಕೈಗೂ ಗೊತ್ತಾಗದ ಹಾಗೆ ಮಾಡ್ಬೇಕು ಅಂತಿದ್ದಾರೆ. ಸಂಬಳ ಈಗಿನದರ ಎರಡರಷ್ಟು."

ಒಲೆಯ ಮೇಲೆ ಹಾಲಿತ್ತು. ನೀರಮ್ಮ ಮೊದಲು ಒಲೆ ಆರಿಸಿದಳು.

"ಅವತ್ತು ನನ್ನ ಕೈ ಕೆಟ್ಟಿದೆ ಅಂದೆ. ಇವತ್ತು ಬಂಗಾರ ಅಂತೀಯ. ಎರಡು ಮಾತೂ ನಿನ್ನ ಕಂಪನಿಗೋಸ್ಕರವೇ ಆಡಿದ್ದು. ಆಸ್ಪತ್ರೆಗೆ ಯಾವಾಗ ಬರ್ತೀಯ, ಅಷ್ಟು ಹೇಳು."

"ಅದೇ ಅಮ್ಮ... ನಾನು ಅಲ್ಲಿ ಬಂದು ಬಾಯಿಬಿಟ್ರೆ ಕಂಪನಿ ಹೆಸರು ಹಾಳಾಗುತ್ತೆ. ಬೇಕಾದ್ರೆ ಆಸ್ಪತ್ರೆಗೆ ಒಂದು ಷವರು ಪುಕ್ಕಟೆ ಹಾಕಿಸ್ಕೊಡ್ತೀವಿ."

"ಸಿಹಿ ತಗೊಂಡು ಹೊರಗೆ ನಡಿ," ಎಂದಳು. "ನಿನ್ನ ಕೈಯಿಂದ ತಿನ್ನೋಕೆ ನನಗೆ ಅಸಹ್ಯ."

ಮರುದಿನ ಸೊಸೆ ಅವಳ ಜೊತೆ ಹೊರಟಳು. ಹೇಗೂ ಅವಳು ತಪಾಸಣೆಗೆ ಹೋಗಬೇಕಿತ್ತು. ದೊಡ್ಡ ಸಿಸ್ಟರ್ ಅವರ ಮೇಜಿನ ಮುಂದೆ ನಿಂತು ಸೊಸೆಯೇ ಷವರು, ಫಲಕ, ಡಬ್ಬಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಹೆಂಗಸಲ್ಲ ಅವರು.

"ಕೂಸಿನ ತಾಯಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನೀರಮ್ಮ, ನಿಮ್ಮ ಕೈ ಸರಿಯಾಗಿದೆ, ಒಪ್ಪಿದೆ. ಆದ್ರೆ ನೀರು ತಣ್ಣಗಿದೆ ಅಂತ ಆ ಕೈ ಹೇಳ್ತಾ ಇದ್ರೂ ನೀವು ಮಗನ ಮಾತು ಕೇಳಿದ್ರಿ. ನಾಳೆ ಇನ್ಯಾರೋ ಇನ್ನೇನೋ ಹೇಳಿದ್ರೆ? ಮಕ್ಕಳ ಕೆಲಸ ಈಗ್ಲೇ ಕೊಡೋಕೆ ನನಗೆ ಧೈರ್ಯ ಸಾಲದು."

ನೀರಮ್ಮ ತಲೆಯಾಡಿಸಿದಳು. ಆ ಹೆಂಗಸು ಹೇಳಿದ್ದು ಸತ್ಯ, ಅದಕ್ಕೇ ಅಷ್ಟು ಉರಿಯಿತು.

ಐದು ವಾರದ ಮೇಲೆ ಸೊಸೆಗೆ ಹೆಣ್ಣುಮಗು ಹುಟ್ಟಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಸೊಸೆ ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಹಾಕಿದಳು. "ನೀವೇ ಮಾಡಿಸಿ ಅತ್ತೆ. ನೀರೂ ನೀವೇ ನೋಡಿ. ಅವತ್ತು ನಾನು ಹಾಗಂದಿದ್ದಕ್ಕೆ..."

"ಬಿಡಮ್ಮ. ನಿನ್ನದೇನು ತಪ್ಪು?"

ನೀರಮ್ಮ ಒಲೆಯ ಮೇಲೆ ನೀರು ಕಾಯಿಸಿ, ಟಬ್ಬಿಗೆ ಸುರಿದು ಬೆರೆಸಿದಳು. ಮಗುವನ್ನು ಸೊಸೆಯ ಕೈಗೆ ಕೊಟ್ಟು, ಗೋಡೆ ಕಡೆ ತಿರುಗಿ, ಕಣ್ಣು ಮುಚ್ಚಿ, ಮೊಣಕೈ ಅದ್ದಿದಳು. ಹದವಾಗಿತ್ತು. ಎದ್ದು ಮಗುವಿಗೆ ಕೈ ಚಾಚಿದವಳು ಅರ್ಧದಲ್ಲೇ ನಿಂತಳು. ಮತ್ತೆ ಕೂತು ಅದ್ದಿದಳು. ಹದವಾಗಿತ್ತು.

"ನೀನೂ ಒಂದ್ಸಲ ಮುಟ್ಟಿ ನೋಡು."

"ನೀವು ಹೇಳಿದ್ರೆ ಸಾಕು ಅತ್ತೆ."

"ಸಾಕಾಗಲ್ಲ ಕಣಮ್ಮ, ಮುಟ್ಟು."

ಸೊಸೆ ಮುಟ್ಟಿ, ಸರಿಯಾಗಿದೆ ಎಂದಳು. ನೀರಮ್ಮ ಮತ್ತೆ ಅದ್ದಿದಳು. ಬಾಗಿಲಲ್ಲಿ ನಿಂತಿದ್ದ ಮಗ, ಬಹಳ ದಿನದ ಮೇಲೆ, ಮೆತ್ತಗೆ ಬಾಯಿ ತೆರೆದ. "ಸರಿಯಾಗೇ ಇರುತ್ತಮ್ಮ, ನಿನ್ನ ಕೈ ತಾನೇ. ನಾನು ನೋಡ್ಲಾ?"

ಅವಳು ಕೂತಲ್ಲಿಂದಲೇ ಕಾಲಿನಿಂದ ಬಾಗಿಲು ದೂಡಿ ಮುಚ್ಚಿದಳು. ಆಮೇಲೆ ನಾಲ್ಕನೆಯ ಸಲ ಮೊಣಕೈ ಅದ್ದಿದಳು. ಅಷ್ಟು ಹೊತ್ತಿಗೆ ನೀರು ನಿಜವಾಗಿಯೂ ಆರಿಹೋಗಿತ್ತು.